ದಿ ಮ್ಯಾಂಡಲೋರಿಯನ್ ಅಂಡ್ ಗ್ರೋಗು ಫಿಗರ್‌ಗಳು: ಮುಂಗಡ ಬುಕ್ ಮಾಡೋಣ್ವಾ, ಸಿನಿಮಾ ನೋಡಿ ಕೊಳ್ಳೋಣ್ವಾ?

ಬೆಸ್ಕರ್_ಬೆಂಗಳೂರು

ಇನ್ನು ಕೆಲವೇ ತಿಂಗಳು. 2026ರ ಮೇ 22ಕ್ಕೆ ಜಾನ್ ಫಾವ್ರೋ ನಿರ್ದೇಶನದ "ದಿ ಮ್ಯಾಂಡಲೋರಿಯನ್ ಅಂಡ್ ಗ್ರೋಗು" ತೆರೆಗೆ ಬರುತ್ತೆ. ಟಿವಿ ಸರಣಿಯ ಕವಚಧಾರಿ ಬೇಟೆಗಾರ ಮ್ಯಾಂಡೋ, ಅವನು ಸಾಕೋ ಪುಟ್ಟ ಹಸಿರು ಮಗು ಗ್ರೋಗು, ಇವರಿಬ್ಬರ ಕಥೆ. 2019ರ ಡಿಸೆಂಬರ್ ಆದ್ಮೇಲೆ ಥಿಯೇಟರಿಗೆ ಬರ್ತಿರೋ ಮೊದಲ ಸ್ಟಾರ್ ವಾರ್ಸ್ ಸಿನಿಮಾ. ಇಷ್ಟು ವರ್ಷ ಎಲ್ಲಾ ಮನೆ ಟಿವಿಯಲ್ಲೇ ಮುಗೀತು. ಈಗ ದೊಡ್ಡ ಪರದೆ, ಅದರ ಜೊತೆಗೆ ಸಿನಿಮಾ ಸಾಲಿನ ಫಿಗರ್‌ಗಳು, ಅಂದ್ರೆ ಪಾತ್ರಗಳ ಕೀಲುಗೊಂಬೆಗಳು. ಟೀಸರ್ ಬಂದಾಗಿಂದ ಒಂದೊಂದು ಶಾಟನ್ನೂ ನಿಲ್ಲಿಸಿ ನಿಲ್ಲಿಸಿ ನೋಡ್ತಿದೀನಿ. ಬೆಲ್ಟ್ ಮೇಲೆ ಎಷ್ಟು ಪೌಚ್ ಇದೆ, ಕೇಪ್ ಅಂಚು ಎಲ್ಲಿ ಹರಿದಿದೆ, ಮೊಣಕೈ ಕವಚದ ಕೆಳಗಿನ ಬಟ್ಟೆ ಯಾವ ಬಣ್ಣ, ಎಲ್ಲಾ ಬರೆದಿಟ್ಕೊಂಡಿದೀನಿ.

ನನ್ನ ಆಸೆ ಹೇಳ್ತೀನಿ. ಮ್ಯಾಂಡೋ ಹೊಸ ಅಚ್ಚಿನಲ್ಲೇ ಬರ್ಬೇಕು, 2020ರ ಬೆಸ್ಕರ್ (ಮ್ಯಾಂಡೋನ ಬೆಳ್ಳಿ ಬಣ್ಣದ ಲೋಹದ ಕವಚ) ಫಿಗರ್‌ಗೇ ಇನ್ನೊಂದು ಕೋಟು ಬಣ್ಣ ಬಳಿದು ಕೊಡಬಾರದು. ಕಾಲು ಪೂರ್ತಿ ಮಡಚಿ ಪೈಲಟ್ ಸೀಟಲ್ಲಿ ಕೂರ್ಬೇಕು, ಜೆಟ್‌ಪ್ಯಾಕ್ ಕೇಪ್ ಮೇಲೆ ಅಲ್ಲಾಡದೆ ನಿಲ್ಬೇಕು. ರೆಬೆಲ್ಸ್ ಕಾರ್ಟೂನಿನ ದೈತ್ಯ ಝೆಬ್ ಅಂತೂ ಬೇಕೇ ಬೇಕು. ಕಾರ್ಟೂನ್ ರೂಪದ ಝೆಬ್ ಹ್ಯಾಸ್ಬ್ರೋ ಕಂಪನಿಯ 6 ಇಂಚಿನ ಬ್ಲ್ಯಾಕ್ ಸೀರೀಸ್ ಸಾಲಿನಲ್ಲಿ 2020ರಲ್ಲೇ ಬಂದಿದಾನೆ. ಆದ್ರೆ ಮೈತುಂಬ ರೋಮ, ಮುಖದಲ್ಲಿ ಸುಕ್ಕು ಇರೋ ಈ ಝೆಬ್ ಪೂರಾ ಬೇರೆ. ಸಿನಿಮಾದಲ್ಲಿ ಸಿಗೋರ್ನಿ ವೀವರ್ ಮಾಡಿರೋ ಕರ್ನಲ್ ಪಾತ್ರ ಬೇಕು. ಗೂಂಡಾ ದೊರೆ ಜಬ್ಬಾನ ಮಗ ರೊಟ್ಟಾ ದ ಹಟ್ ಬೇಕು. 2008ರ ಕ್ಲೋನ್ ವಾರ್ಸ್ ಸಾಲಿನ ಅಸೋಕಾ ಜೊತೆ ಬಂದ ಪುಟಾಣಿ ರೊಟ್ಟಾ ನನ್ನ ಕಪಾಟಿನಲ್ಲಿದೆ. ಅದೇ ಮರಿ ಈಗ ಬೆಳೆದು, ತೋಳು ಉಬ್ಬಿಸ್ಕೊಂಡು ಟೀಸರ್‌ನಲ್ಲಿ ನಿಂತಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋ ದಿನಕ್ಕೆ ಕಾಯ್ತಿದೀನಿ.

ಪ್ರಶ್ನೆ ತಲೆಬರಹದಲ್ಲೇ ಇದೆ. ನನ್ನ ಮತ ಮುಂಗಡಕ್ಕೆ. ನನಗೆ ಸಿನಿಮಾ, ಫಿಗರ್‌ನ ಮೊದಲ ಫೋಟೋ ಬಂದ ದಿನವೇ ಶುರುವಾಗುತ್ತೆ. ಈ ಹವ್ಯಾಸ ಹುಟ್ಟಿದ್ದೂ ಕಾಯೋದ್ರಿಂದಲೇ. 1977ರ ಕ್ರಿಸ್‌ಮಸ್ ಹೊತ್ತಿಗೆ ಕೆನ್ನರ್ ಕಂಪನಿ ಹತ್ರ ಮಾರೋಕೆ ಒಂದೂ ಸ್ಟಾರ್ ವಾರ್ಸ್ ಫಿಗರ್ ಇರ್ಲಿಲ್ಲ. ಸಿನಿಮಾ ಇಷ್ಟು ಓಡುತ್ತೆ ಅಂತ ಯಾರೂ ಅಂದಾಜು ಮಾಡಿರ್ಲಿಲ್ಲ, ಅಚ್ಚು ಇನ್ನೂ ತಯಾರಾಗ್ತಿತ್ತು. ಆಗ ಅವರು ಅಂಗಡಿಗೆ ಕಳಿಸಿದ್ದು "ಅರ್ಲಿ ಬರ್ಡ್" ಅನ್ನೋ ತೆಳ್ಳನೆ ರಟ್ಟಿನ ಪೊಟ್ಟಣ. ಒಳಗೆ ಫಿಗರ್ ನಿಲ್ಲಿಸೋ ರಟ್ಟು, ಒಂದಿಷ್ಟು ಸ್ಟಿಕ್ಕರ್, ಒಂದು ಸರ್ಟಿಫಿಕೇಟ್. ಅದನ್ನ ಅಂಚೆಗೆ ಹಾಕಿದವರಿಗೆ 1978ರಲ್ಲಿ ಲ್ಯೂಕ್, ಲೀಯಾ, ಆರ್2-ಡಿ2, ಚ್ಯೂಬಾಕಾ ಮನೆ ಬಾಗಿಲಿಗೆ ಬಂದ್ರು. ಬರೋ ಗೊಂಬೆಯ ಮೇಲಿನ ನಂಬಿಕೆಗೆ ದುಡ್ಡು ಕೊಟ್ಟ ಆ ಮಕ್ಕಳ ಸಾಲಿನಲ್ಲೇ ನಾವೂ ಇದೀವಿ.

ನೀವೇನಂತೀರ?

ಒಂದಾರನೇ_ಅಳತೆ

ಉತ್ಸಾಹ ಅರ್ಥ ಆಗುತ್ತೆ ಗುರು, ಆದ್ರೂ ನಾನು ಕಾಯೋ ಪಕ್ಷ.

2019ರ ಅಕ್ಟೋಬರ್ 4 ನೆನಪಿದ್ಯಾ? ಟ್ರಿಪಲ್ ಫೋರ್ಸ್ ಫ್ರೈಡೇ, ಹೊಸ ಸ್ಟಾರ್ ವಾರ್ಸ್ ಆಟಿಕೆಗಳನ್ನ ಒಟ್ಟಿಗೆ ಬಿಟ್ಟ ದಿನ. ಮೊದಲ ಬ್ಲ್ಯಾಕ್ ಸೀರೀಸ್ ಮ್ಯಾಂಡೋ ಅವತ್ತೇ ಬಂದ. ಮೈಮೇಲೆ ಕಂದುಬಣ್ಣದ, ಒಂದಕ್ಕೊಂದು ಹೊಂದದ ಹಳೇ ಕವಚ. ನವೆಂಬರ್‌ನಲ್ಲಿ ಮ್ಯಾಂಡಲೋರಿಯನ್ ಟಿವಿ ಸರಣಿ ಶುರುವಾಯ್ತು, ಮೂರನೇ ಕಂತಿಗೇ ಮ್ಯಾಂಡೋ ಮೈತುಂಬ ಬೆಸ್ಕರ್ ಹಾಕ್ಕೊಂಡ. ಆಮೇಲೆ ಎಲ್ಲರಿಗೂ ಬೇಕಾಗಿದ್ದು ಬೆಳ್ಳಿ ಮ್ಯಾಂಡೋ. ಅದು ಬಂದಿದ್ದು ಮುಂದಿನ ವರ್ಷ. ಸಿನಿಮಾಕ್ಕೆ ಮುಂಚೆ ಬರೋ ಫಿಗರ್‌ಗಳ ಕಥೆ ಬಹುಪಾಲು ಹೀಗೇ. ವರ್ಷದ ಮುಂಚೆ ಸ್ಟುಡಿಯೋ ಕೊಟ್ಟ ಚಿತ್ರ ನೋಡಿ ಮಾಡ್ತಾರೆ, ಸೆಟ್ಟಲ್ಲಿ ಬಟ್ಟೆ ಬದಲಾಗಿರುತ್ತೆ, ಎಡಿಟಿಂಗ್‌ನಲ್ಲಿ ದೃಶ್ಯವೇ ಹೋಗಿರುತ್ತೆ.

ನಾನು ಹಾಟ್ ಟಾಯ್ಸ್ ಕಂಪನಿಯ 1:6 (ನಿಜದ ಆರನೇ ಒಂದು) ಅಳತೆಯವನು, ಅಂದ್ರೆ ಸುಮಾರು 30 ಸೆಂ.ಮೀ. ಒಂದಕ್ಕೆ 250 ಡಾಲರ್ ಮೇಲೆ ಕೊಡಬೇಕು, ಹಾಗಾಗಿ ವರ್ಷಕ್ಕೆ ಒಂದು ಕೊಂಡರೆ ದೊಡ್ಡದು. ಬುಕ್ ಮಾಡಿ ವರ್ಷ ಕಾದ್ರೂ ಕೈಗೆ ಬಂದಾಗ ಚರ್ಮದ ಹೊಲಿಗೆ ಕೂಡ ಪರದೆ ಮೇಲೆ ಕಂಡ ಹಾಗೇ ಇರುತ್ತೆ. ಇನ್ನೊಂದು ಲಾಭ ಗ್ರೋಗು. 6 ಇಂಚಿನ ಅಳತೆಯಲ್ಲಿ ಗ್ರೋಗು ಅಂದ್ರೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ, ನೆಲಕ್ಕೆ ಬಿದ್ರೆ ಪೊರಕೆ ಹಿಡಿದು ಹುಡುಕಬೇಕು. 1:6ರಲ್ಲಿ ಅವನ ಕಿವಿಯ ಅಂಚಿನ ಗುಲಾಬಿ ಬಣ್ಣವೂ ಕಾಣುತ್ತೆ.

ಗೊಂಬೆಹಬ್ಬ_ಮೈಸೂರು

ಗ್ರೋಗು ವಿಷಯ ಬಂತಲ್ಲ, 2019ರ ಆ ಕಥೆ ಇಲ್ಲಿ ಹೇಳಲೇಬೇಕು. ಮೊದಲ ಕಂತಿನ ಕೊನೆಯಲ್ಲಿ ತೊಟ್ಟಿಲಿಂದ ಆ ಮಗು ಬೆರಳು ಚಾಚುತ್ತಲ್ಲ, ಆ ಕ್ಷಣ ಹಾಳಾಗಬಾರದು ಅಂತ ಫಾವ್ರೋ ಅವರು ಆಟಿಕೆಗಳನ್ನೇ ತಡೆದರು. ಆಟಿಕೆ ತಯಾರಾದರೆ ಅದರ ಚಿತ್ರ ಹೇಗಾದರೂ ಹೊರಗೆ ಬೀಳುತ್ತೆ ಅಂತ ಅವರಿಗೆ ಗೊತ್ತಿತ್ತು. ಆ ವರ್ಷದ ಕ್ರಿಸ್‌ಮಸ್‌ಗೆ ಇಡೀ ಜಗತ್ತು ಆ ಮಗುವಿನ ಗೊಂಬೆ ಕೇಳಿದರೂ ಅಂಗಡಿಯಲ್ಲಿ ಇರಲಿಲ್ಲ. 2020ರಲ್ಲಿ ಬಂತು. ಅಷ್ಟು ದೊಡ್ಡ ವ್ಯಾಪಾರ ಬಿಟ್ಟು ಒಂದು ದೃಶ್ಯವನ್ನು ಉಳಿಸಿದರಲ್ಲ, ಅದಕ್ಕೇ ಈ ಸಿನಿಮಾದ ಮೇಲೆ ನನಗೆ ಭರವಸೆ ಜಾಸ್ತಿ.

ಆದರೆ ಮುಂಗಡದ ವಿಷಯದಲ್ಲಿ ನಾನು ಬೆಸ್ಕರ್ ಅವರ ಕಡೆ, ಅದೂ ವಿಶೇಷವಾಗಿ ಕರ್ನಲ್ ಪಾತ್ರಕ್ಕೆ. ಹೆಣ್ಣು ಪಾತ್ರದ ಫಿಗರ್ "ಆಮೇಲೆ ತಗೊಂಡರಾಯ್ತು" ಅಂತ ಬಿಟ್ಟರೆ ಸಿಗೋದೇ ಇಲ್ಲ. 2015ರಲ್ಲಿ ದಿ ಫೋರ್ಸ್ ಅವೇಕನ್ಸ್ ಬಂದಾಗ ಕಥೆಯ ನಾಯಕಿ ರೇ. ಆದರೆ ಅದೇ ಚಿತ್ರದ ಮೊನಾಪಲಿ ಆಟದ ಪೆಟ್ಟಿಗೆಯಲ್ಲಿ ರೇ ಇರಲಿಲ್ಲ. ಮಕ್ಕಳು, ತಾಯಂದಿರು ಎಲ್ಲ ಕೇಳಿದ ಮೇಲೆ ಸೇರಿಸಿದರು. ಅದೇ ವರ್ಷ ಅವೆಂಜರ್ಸ್ ಏಜ್ ಆಫ್ ಅಲ್ಟ್ರಾನ್‌ನಲ್ಲಿ ಬ್ಲ್ಯಾಕ್ ವಿಡೋ ವಿಮಾನದಿಂದ ಬೈಕ್ ಸಮೇತ ಇಳಿಯುತ್ತಾಳೆ. ಆಟಿಕೆ ಸೆಟ್ಟಿನಲ್ಲಿ ಅದೇ ಬೈಕ್ ಮೇಲೆ ಕ್ಯಾಪ್ಟನ್ ಅಮೆರಿಕನನ್ನು ಕೂರಿಸಿದ್ದರು. ಇದನ್ನೆಲ್ಲ ನೋಡಿದ ಮೇಲೆ ಕರ್ನಲ್ ಫಿಗರ್ ಘೋಷಣೆ ಆದ ಗಳಿಗೆಯಲ್ಲೇ ನನ್ನ ದುಡ್ಡು ಹೋಗುತ್ತೆ. ಬೇಡಿಕೆ ಇದೆ ಅಂತ ಅವರಿಗೆ ಗೊತ್ತಾಗೋದು ಹಾಗೇ.

ನಮ್ಮ ಮನೆಯಲ್ಲಿ ನವರಾತ್ರಿಗೆ ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿ. ಅತ್ತೆಯವರು ಕೊಟ್ಟ ಚನ್ನಪಟ್ಟಣದ ಗೊಂಬೆಗಳು ಅದರ ಕೆಳಗೆ. ಪಕ್ಕದ ಮೇಜಿನ ಮೇಲೆ ಮರಳು ಹರಡಿ ಮ್ಯಾಂಡೋ, ಗ್ರೋಗು, ಕುಳ್ಳ ಗುಜರಿ ವ್ಯಾಪಾರಿ ಜಾವಾಗಳ ಸಂತೆ ಜೋಡಿಸುತ್ತೇನೆ. ಗೊಂಬೆ ನೋಡೋಕೆ ಬರೋ ಮಕ್ಕಳು ಮೊದಲು ಓಡೋದು ಆ ಮೇಜಿಗೆ, ಅತ್ತೆಯವರೇ ನಿಂತು ಅವರಿಗೆ ಗ್ರೋಗು ಕಥೆ ಹೇಳುತ್ತಾರೆ. ಈ ವರ್ಷ ಹಿಮದಲ್ಲಿ ಎಟಿ-ಎಟಿ (ನಾಲ್ಕು ಕಾಲಿನ ಯುದ್ಧಯಂತ್ರ) ನಿಲ್ಲಿಸುವ ಯೋಚನೆ ಇದೆ.

ಅಚ್ಚಿನಮನೆ_ಪೀಣ್ಯ

ನಾನು ಪೀಣ್ಯದಲ್ಲಿ ಟೂಲ್‌ರೂಮ್ ಕೆಲಸದವನು. ನಮ್ಮದು ವಾಹನದ ಪ್ಲಾಸ್ಟಿಕ್ ಭಾಗಗಳು. ಆದ್ರೂ ಅಚ್ಚು ಅಚ್ಚೇ, ಹಾಗಾಗಿ "ಹೊಸ ಅಚ್ಚು" ಅನ್ನೋ ಮಾತಿಗೆ ಸ್ವಲ್ಪ ವಿವರ ಕೊಡ್ತೀನಿ.

6 ಇಂಚಿನ ಒಂದು ಫಿಗರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೀಲು ಇರುತ್ತೆ. ಪ್ರತಿ ಕೀಲಿನ ಎರಡೂ ಬದಿ ಬೇರೆ ಬೇರೆ ತುಂಡು, ಪ್ರತಿ ತುಂಡಿಗೂ ಉಕ್ಕಿನ ಅಚ್ಚಿನಲ್ಲಿ ಒಂದು ಗೂಡು. ಅಚ್ಚು ಎರಡು ಹೋಳಾಗಿ ತೆರೆದಾಗ ತುಂಡು ಸಿಕ್ಕಿಹಾಕಿಕೊಳ್ಳದೆ ಹೊರಗೆ ಬರ್ಬೇಕು. ಬೆಲ್ಟ್ ಪೌಚಿನ ಕೆಳಗೆ, ಕೇಪ್ ಮಡಿಕೆಯ ಒಳಗೆ ಉಕ್ಕು ಕಚ್ಚಿಕೊಳ್ಳುತ್ತೆ ಅಂತಾದ್ರೆ ಒಂದೋ ಆ ಭಾಗ ಬೇರೆ ತುಂಡಾಗಬೇಕು, ಇಲ್ಲಾ ಮೆತ್ತನೆ ಪಿವಿಸಿಯಲ್ಲಿ ಬರ್ಬೇಕು. ಅದಕ್ಕೇ ಕೇಪ್, ಬೆಲ್ಟ್, ಕೂದಲು ಮೆತ್ತಗಿರುತ್ತೆ, ಎದೆ ಕವಚ ಗಟ್ಟಿ ಎಬಿಎಸ್ ಆಗಿರುತ್ತೆ. ಇಡೀ ಫಿಗರ್‌ನ ಖರ್ಚಿನಲ್ಲಿ ಪ್ಲಾಸ್ಟಿಕ್ ಪಾಲು ಏನೇನೂ ಅಲ್ಲ, ದುಡ್ಡೆಲ್ಲ ಈ ಉಕ್ಕಿನಲ್ಲೇ. ಒಂದು ಸಲ ಕೊರೆದ ಅಚ್ಚಿನಿಂದ ಎಷ್ಟು ಪಾತ್ರ ತೆಗೀಬಹುದು ಅಂತ ಕಂಪನಿ ಲೆಕ್ಕ ಹಾಕೋದು ಅದಕ್ಕೆ. ಹೀಗಾಗಿ ಮ್ಯಾಂಡೋ ತೋಳು, ತೊಡೆ ಹಳೇ ಅಚ್ಚಿಂದ ಬಂದು, ಎದೆ, ಹೆಲ್ಮೆಟ್ ಮಾತ್ರ ಹೊಸದಾಗಿ ಬಂದ್ರೆ ನನಗೆ ಆಶ್ಚರ್ಯ ಆಗಲ್ಲ. ಝೆಬ್‌ಗೆ ಆ ದಾರಿ ಇಲ್ಲ. ಆ ಅಗಲದ ಎದೆ, ಆ ಪಾದ ಬೇರೆ ಯಾರಿಗೂ ಆಗಲ್ಲ. ಅವನು ಬಂದ್ರೆ ಅಡಿಯಿಂದ ಮುಡಿವರೆಗೆ ಹೊಸ ಉಕ್ಕು.

ಬೆಸ್ಕರ್ ಹೊಳಪಿನ ಬಗ್ಗೆಯೂ ಒಂದು ಮಾತು. ಪ್ಲಾಸ್ಟಿಕ್‌ಗೇ ಬೆಳ್ಳಿ ಪುಡಿ ಬೆರೆಸಿ ಅಚ್ಚಿಗೆ ಹೊಡೆದ್ರೆ ಅದು ಹರಿದ ದಾರಿಯಲ್ಲೆಲ್ಲ ಗೆರೆ ಬೀಳುತ್ತೆ. ಹೆಲ್ಮೆಟ್ ಮೇಲೆ ನೀರಿನ ಸುಳಿ ತರ ಕಾಣೋದು ಅದೇ. ಮೇಲಿಂದ ಬಣ್ಣ ಹೊಡೆದ್ರೆ ನೋಡೋಕೆ ಚೆನ್ನ, ಆದ್ರೆ ಭುಜ ತಿರುಗಿಸಿದಾಗೆಲ್ಲ ಉಜ್ಜಿ ಎದ್ದು ಬರುತ್ತೆ. ಫೋಟೋ ಬಂದಾಗ ಹೆಲ್ಮೆಟ್‌ನ ಹಣೆ, ಭುಜದ ಕವಚದ ಅಂಚು, ಇವೆರಡನ್ನ ದೊಡ್ಡದು ಮಾಡಿ ನೋಡಿ. ಬಾಕಿ ಎಲ್ಲಾ ಆಮೇಲೆ.

ಬೆಸ್ಕರ್_ಬೆಂಗಳೂರು

ಪೀಣ್ಯ ಸರ್, ಈ ಪೋಸ್ಟನ್ನ ಮೇಲ್ಗಡೆ ಪಿನ್ ಮಾಡ್ಬೇಕು. ಹೆಲ್ಮೆಟ್ ಸುಳಿ ನಾನು ಎಷ್ಟೋ ಸಲ ನೋಡಿದ್ರೂ ಯಾಕೆ ಅಂತ ಇವತ್ತೇ ತಿಳಿದಿದ್ದು.

ಹುಬ್ಬಳ್ಳಿ_ಹೀರೋಸ್

ಎಲ್ಲಾರಿಗೂ ನಮಸ್ಕಾರ್ರೀ. ನಾ ಜಿ.ಐ. ಜೋ (ಅಮೆರಿಕಾದ ಸೈನಿಕ ಗೊಂಬಿ) ಮಂದಿ. ನಮಗ ಫಿಗರ್ ಅಂದ್ರ ಫನ್‌ಸ್ಕೂಲ್. 1987ರಾಗ ಎಂಆರ್‌ಎಫ್ ಮತ್ತ ಹ್ಯಾಸ್ಬ್ರೋ ಕೂಡಿ ಚಾಲೂ ಮಾಡಿದ ಕಂಪನಿ. ಅಚ್ಚು ಹ್ಯಾಸ್ಬ್ರೋದ್ದು, ಬಣ್ಣ ಇಲ್ಲೀದು. ಅಮೆರಿಕಾದಾಗ ಎಂದೂ ಬರದಂಥ ಬಣ್ಣದಾಗ ಇಲ್ಲಿ ಬಂದಾವು. ಇವತ್ತು ಹೊರದೇಶದ ಕಲೆಕ್ಟರ್‌ಗಳು ನಮ್ಮ ಊರ ಹಳೇ ಅಂಗಡಿ ಸ್ಟಾಕ್ ಐತೇನು ಅಂತ ಮೆಸೇಜ್ ಹಾಕಿ ಕೇಳ್ತಾರ. ನಮ್ಮ ತಮ್ಮನ ಹಂತ್ಯಾಕ ಕಾರ್ಡ್ (ಫಿಗರ್ ಅಂಟಿಸಿದ ರಟ್ಟು) ಒಡೀದ್ದ ಒಂದೆರಡು ಅದಾವು, ಯಾರಿಗೂ ಕೊಡೂದಿಲ್ಲ ಅಂತಾನ.

ಮುಂಗಡದ ಬಗ್ಗೆ ಹೇಳ್ಬೇಕಂದ್ರ 2012ರ ಸುದ್ದಿ ಹೇಳಬೇಕು. ಜಿ.ಐ. ಜೋ ರಿಟಾಲಿಯೇಶನ್ ಆ ವರ್ಷ ಜೂನ್ 29ಕ್ಕ ಬರೂದಿತ್ತು. ಮೇ ತಿಂಗಳ ಕಡೀಕ, ಇನ್ನ ಐದು ವಾರ ಐತಿ ಅನ್ನೂವಾಗ, 3ಡಿ ಮಾಡ್ತೀವಿ ಅಂತ ಹೇಳಿ 2013ರ ಮಾರ್ಚಿಗೆ ದೂಡಿಬಿಟ್ರು. ಅಷ್ಟೊತ್ತಿಗೆ ಅಮೆರಿಕಾದ ಅಂಗಡಿಗೆ ಫಿಗರ್ ಹೋಗಿ ಮುಟ್ಟಿದ್ದುವು! ಕೆಲವು ಮಂದಿಗೆ ಸಿಕ್ಕು, ಉಳಿದದ್ದು ವಾಪಸ್ ಒಳಗ ಹೋದುವು. ಸಿನಿಮಾ ಬರೂಕಿಂತ ಒಂಬತ್ತು ತಿಂಗಳ ಮೊದಲ ಸಿನಿಮಾದ ಗೊಂಬಿ ಮನಿಯೊಳಗ! ಸಿಕ್ಕವರ ಖುಷಿ ಕೇಳಬ್ಯಾಡ್ರಿ. ಅದಕ್ಕ ನನ್ನ ಮಾತು ಇಷ್ಟ: ಬುಕ್ ಮಾಡ್ರಿ, ಖರೆ ತಾರೀಖು ನಂಬಿ ಕುಂಡ್ರಬ್ಯಾಡ್ರಿ.

ಹೊಸಬ_ದಾವಣಗೆರೆ

ಅಣ್ಣಂದಿರಿಗೆ, ಅಕ್ಕನಿಗೆ ನಮಸ್ಕಾರ. ನಾನು ಇಂಜಿನಿಯರಿಂಗ್ ಓದ್ತಿದೀನಿ, ಇದೇ ಮೊದಲ ಫಿಗರ್ ಕೊಳ್ಳೋದು. ಟ್ಯೂಷನ್ ಹೇಳಿ ಉಳಿಸಿದ ದುಡ್ಡಿದೆ, ಒಂದೇ ಒಂದು ತಗೋಬಹುದು. ಯಾವ ಅಳತೆಯದು ತಗೊಳ್ಲಿ? ಅಮೆರಿಕದ ಸೈಟಿಂದ ತರಿಸಿದ್ರೆ ಕಸ್ಟಮ್ಸ್‌ನಲ್ಲಿ ನಿಲ್ಲುತ್ತೆ ಅಂತಾರಲ್ಲ, ನಿಜಾನಾ? ಮುಂದೆ ಇದರ ಬೆಲೆ ಏರುತ್ತಾ?

ಒಂದಾರನೇ_ಅಳತೆ

ಬಾ ತಮ್ಮಾ. ಕಸ್ಟಮ್ಸ್ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ಇದನ್ನ ಇಲ್ಲಿ ಎಲ್ಲರೂ ಓದೋದು ಒಳ್ಳೇದು.

ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಅಂತ 2020ರಲ್ಲಿ ಬಂತು, 2021ರ ಜನವರಿ 1ರಿಂದ ಜಾರಿ. 14 ವರ್ಷದೊಳಗಿನ ಮಕ್ಕಳು ಆಡೋಕೆ ಅಂತ ಮಾಡಿದ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪರವಾನಗಿ, ಐಎಸ್‌ಐ ಗುರುತು ಇರಲೇಬೇಕು. ಹೊರದೇಶದಲ್ಲಿ ತಯಾರಾದ್ರೆ ಆ ಕಾರ್ಖಾನೆಗೇ ಪರವಾನಗಿ ಬೇಕು. ಈಗ ಬ್ಲ್ಯಾಕ್ ಸೀರೀಸ್ ಬಾಕ್ಸ್ ಮೂಲೆ ನೋಡು, 4+ ಅಂತ ಅಚ್ಚಾಗಿರುತ್ತೆ. ಅಂದ್ಮೇಲೆ ಕಾಗದದ ಪ್ರಕಾರ ಅದು ಮಕ್ಕಳ ಆಟಿಕೆ. ಪಾರ್ಸೆಲ್ ತೆರೆದ ಅಧಿಕಾರಿ ಐಎಸ್‌ಐ ಗುರುತು ಕೇಳಿದ್ರೆ ನಾವು ಏನೂ ಹೇಳೋ ಹಾಗಿಲ್ಲ. ಹಾಟ್ ಟಾಯ್ಸ್, ಬಂದೈನ ಫಿಗುವಾರ್ಟ್ಸ್ ತರದವಕ್ಕೆ ಬಾಕ್ಸ್ ಮೇಲೆ 15+ ಇರುತ್ತೆ. ಸಂಗ್ರಹಕಾರರ ವಸ್ತು ಅಂತ ವಿವರಿಸೋಕೆ ದಾರಿ ಇದೆ, ಖಾತರಿ ಇಲ್ಲ. ನನ್ನ ಒಂದು ಪಾರ್ಸೆಲ್‌ಗೆ ಬಾಕ್ಸ್ ಫೋಟೋ, ಇನ್‌ವಾಯ್ಸ್, ತಯಾರಕರ ಪುಟದ ಪ್ರಿಂಟ್ ಎಲ್ಲಾ ಕಳಿಸಿದ ಮೇಲೆ ಬಿಟ್ರು.

ಸುಂಕ ಬೇರೆ. 2020ರಲ್ಲಿ ಆಟಿಕೆಗಳ ಮೂಲ ಸುಂಕ ಶೇ 20ರಿಂದ 60ಕ್ಕೆ ಹೋಯ್ತು, 2023ರಲ್ಲಿ 70ಕ್ಕೆ. ಬುಕ್ ಮಾಡೋ ದಿನದ ದರ ಕಸ್ಟಮ್ಸ್ ಮಂಡಳಿ ಸಿಬಿಐಸಿಯ ಜಾಲತಾಣದಲ್ಲಿ ನೋಡ್ಕೊ. ಆ ಸುಂಕ ಫಿಗರ್ ಬೆಲೆ ಮೇಲೆ ಮಾತ್ರ ಅಲ್ಲ, ಸಾಗಣೆ ಖರ್ಚು, ವಿಮೆ ಸೇರಿಸಿದ ಮೊತ್ತದ ಮೇಲೆ ಬೀಳುತ್ತೆ. ಹೀಗಾಗಿ ಅಮೆರಿಕದಲ್ಲಿ 25 ಡಾಲರ್ ಆಸುಪಾಸಿನ ಫಿಗರ್‌ಗೆ ಬಿಡಿಯಾಗಿ ತರಿಸೋದು ಯಾವ ರೀತಿಯಲ್ಲೂ ಗಿಟ್ಟಲ್ಲ. ಇಲ್ಲಿ ಅಧಿಕೃತವಾಗಿ ಬರೋದಕ್ಕೆ ಕಾಯಿ, ಇಲ್ಲಾ ಬರೋ ನೆಂಟರ ಸೂಟ್‌ಕೇಸಲ್ಲಿ ತರಿಸು.

ಹುಬ್ಬಳ್ಳಿ_ಹೀರೋಸ್

ಬೆಲಿ ಏರತೈತೇನು ಅಂತ ಕೇಳಿದ್ಯಲ್ಲ ತಮ್ಮಾ, ಅದಕ್ಕ ಎರಡು ಮಾತು.

ಸ್ಟಾರ್ ವಾರ್ಸ್‌ನ ಬೋಬಾ ಫೆಟ್ ಬೆನ್ನಾಗಿಂದ ರಾಕೆಟ್ ಹಾರೂವಂಥ ಫಿಗರ್ ಕೆನ್ನರ್‌ನವರು 1979ರಾಗ ಕೊಡ್ತೀವಿ ಅಂದಿದ್ರು. ಆ ಹೊತ್ತಿನಾಗ ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಆಟಿಕಿಯ ಸಣ್ಣ ಕ್ಷಿಪಣಿ ಗಂಟಲಾಗ ಸಿಕ್ಕು ಒಂದು ಕೂಸು ತೀರಿಕೊಂಡ್ತು. ಕೆನ್ನರ್ ರಾಕೆಟ್ ಹಾರೂದನ್ನ ಬಿಟ್ಟು, ಅಂಟಿಸಿದ ರಾಕೆಟ್ ಕೊಟ್ಟು ಫಿಗರ್ ಕಳಿಸಿದ್ರು. ಹಾರೂ ರಾಕೆಟ್ಟಿನ ಮಾದರಿ ಕೆಲವೇ ಉಳದಾವು. ಅದರಾಗಿಂದ ಒಂದು 2024ರ ಹರಾಜಿನಾಗ 5,25,000 ಡಾಲರಿಗೆ ಹೋತು.

ಇನ್ನೊಂದು ಕಡೆ ನೋಡು. 1995ರಾಗ ಸ್ಟಾರ್ ವಾರ್ಸ್ ಫಿಗರ್‌ಗಳ ಪವರ್ ಆಫ್ ದ ಫೋರ್ಸ್ ಸಾಲು ತಿರುಗಿ ಬಂತು. ಮುಂದ ರೊಕ್ಕ ಆಗತೈತಿ ಅಂತ ಅಮೆರಿಕಾದ ಮಂದಿ ಪೆಟ್ಟಿಗಿಗಟ್ಟಲೆ ತಗೊಂಡು ಅಟ್ಟದ ಮ್ಯಾಲ ಇಟ್ರು. ಎಲ್ಲಾರೂ ಇಟ್ಟಾರ, ಎಲ್ಲಾರ ಕಡೆನೂ ಐತಿ, ಅದಕ್ಕ ಯಾರಿಗೂ ಬ್ಯಾಡ. ಇವತ್ತೂ ಅಗ್ಗ ಸಿಗತಾವು. ಅದರಾಗಿನ ಲ್ಯೂಕ್‌ನ ತೋಳು ನೋಡಿದ್ರ ಕುಸ್ತಿ ಪೈಲ್ವಾನ ಅನ್ನಬೇಕು, ಆದ್ರೂ ನನಗ ಆ ಸಾಲು ಭಾಳ ಪ್ರೀತಿ. ನಿನಗ ಮನಸ್ಸು ಎಲ್ಲಿ ನಿಂತೈತಿ ಅದನ್ನ ತಗೋ.

ಕುಡ್ಲದ_ಕಪಾಟು

ಅಳತೆ ಪ್ರಶ್ನೆಗೆ ನನ್ನದೊಂದು ಉತ್ತರ. ನೀವು ಒಂದೇ ಫಿಗರ್ ತಗೊಳ್ಳುವುದಾದರೆ 6 ಇಂಚು. ಮುಂದೆ ಅಂತರಿಕ್ಷ ಹಡಗು, ವಾಹನ ಎಲ್ಲ ಬೇಕು ಅಂತ ಮನಸ್ಸು ಉಂಟಾದರೆ ಹ್ಯಾಸ್ಬ್ರೋದ 3.75 ಇಂಚಿನ ವಿಂಟೇಜ್ ಕಲೆಕ್ಷನ್ ಸಾಲು. ಕೆನ್ನರ್‌ನವರು 3.75 ಅಂತ ಮಾಡಿದ್ದೇ ಹಡಗಿಗೋಸ್ಕರ ಅಲ್ವಾ. ಆಗಿನ 12 ಇಂಚಿನ ಗೊಂಬೆಗೆ ಸರಿಯಾದ ಮಿಲೇನಿಯಂ ಫಾಲ್ಕನ್ ಹಡಗು ಮಾಡಿದ್ರೆ ಅದಕ್ಕೆ ಒಂದು ಕೋಣೆಯೇ ಬೇಕಿತ್ತು. ಗೊಂಬೆ ಸಣ್ಣದು ಮಾಡಿದ್ರು, ಹಡಗಿನೊಳಗೆ ಕೂರಿಸಿದ್ರು, ಜಗತ್ತಿನ ಆಟಿಕೆ ಅಂಗಡಿಯೇ ಬದಲಾಯ್ತು.

ಮತ್ತೆ ಕಾರ್ಡ್ ಒಡೆಯದೆ ಇಡ್ತೇನೆ ಅನ್ನುವವರಿಗೆ ಕರಾವಳಿಯಿಂದ ಒಂದು ಮಾತು ಮಾರಾಯ್ರೆ. ಇಲ್ಲಿ ಜೂನ್ ಶುರುವಾದ್ರೆ ಗೋಡೆಯೇ ಬೆವರುತ್ತದೆ. ರಟ್ಟಿನ ಕಾರ್ಡ್ ಮೊದಲು ಅಂಚಿನಲ್ಲಿ ಅಲೆಯಾಗ್ತದೆ, ಆಮೇಲೆ ಹಿಂಬದಿಯಲ್ಲಿ ಕಂದು ಚುಕ್ಕಿ ಬರ್ತದೆ, ಅದು ಬಂದ್ರೆ ಹೋಗುದಿಲ್ಲ. ಬಟ್ಟೆಯ ಕೇಪ್ ಇದ್ರೆ ಮಡಿಕೆಯೊಳಗೆ ಬೂಷ್ಟು ಕೂತುಕೊಳ್ತದೆ. ನಾನು ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡ್ತೇನೆ. ನೀಲಿ ಹರಳು ಗುಲಾಬಿ ಆದ ಕೂಡಲೇ ಬಿಸಿ ಮಾಡಿ ಒಣಗಿಸಿ ವಾಪಸ್ ಹಾಕುವುದು. ನುಸಿಗುಳಿಗೆ ಮಾತ್ರ ಹಾಕ್ಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕನ್ನೇ ಮೆತ್ತಗೆ ಮಾಡ್ತದೆ. ಬಿಸಿಲಿಗೂ ಇಡ್ಲಿಕ್ಕಿಲ್ಲ, ಬಿಳಿ ಎಬಿಎಸ್ ಹಳದಿಯಾಗ್ತದೆ. ಹಳೇ ಪಿವಿಸಿ ಮುಟ್ಟಿದ್ರೆ ಕೈಗೆ ಅಂಟ್ತದೆ ಅಂದ್ರೆ ಒಳಗಿನ ಎಣ್ಣೆ ಹೊರಗೆ ಬಂದಿದೆ ಅಂತ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಮೆಲ್ಲ ಒರೆಸಿ, ನೆರಳಲ್ಲಿ ಒಣಗಿಸಿ. ಬಗ್ಗಿದ ಈಟಿ, ಬಂದೂಕು ಇದ್ರೆ ಬಿಸಿನೀರಲ್ಲಿ ಅದ್ದಿ ನೇರ ಮಾಡಿ ತಣ್ಣೀರಿಗೆ ಹಾಕಿದ್ರೆ ಹಾಗೆಯೇ ನಿಲ್ತದೆ. ಗಟ್ಟಿಯಾದ ಕೀಲಿಗೂ ಅದೇ ಬಿಸಿನೀರು, ಬಲವಂತ ಮಾಡಿ ತಿರುಗಿಸಿದ್ರೆ ಮೊಣಕಾಲು ಕೈಗೆ ಬರ್ತದೆ.

ನ್ಯೂಜೆರ್ಸಿ_ಕನ್ನಡಿಗ

ತಡವಾಗಿ ನೋಡ್ದೆ ಈ ಚರ್ಚೆ. ಹಡಗಿನ ಮಾತು ಬಂತಲ್ಲ, ನಮ್ಮ ಬೇಸ್‌ಮೆಂಟಲ್ಲಿ ಹ್ಯಾಸ್ಬ್ರೋದ ಮುಂಗಡ ಯೋಜನೆ ಹ್ಯಾಸ್‌ಲ್ಯಾಬ್ ಮಾಡಿದ, ಮ್ಯಾಂಡೋನ ಹಡಗು ರೇಜರ್ ಕ್ರೆಸ್ಟ್ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಘೋಷಣೆ ಆಯ್ತು, 350 ಡಾಲರ್. 6,000 ಜನ ಸೇರಿದ್ರೆ ಮಾತ್ರ ಮಾಡ್ತೀವಿ ಅಂದ್ರು, ಕೊನೆಗೆ ಸೇರಿದವರು 28,000ಕ್ಕೂ ಹೆಚ್ಚು. ನವೆಂಬರ್‌ನಲ್ಲಿ ಬುಕಿಂಗ್ ಮುಗೀತು. ಡಿಸೆಂಬರ್ 4ಕ್ಕೆ ಬಂದ ಕಂತಿನಲ್ಲಿ ಆ ಹಡಗು ಮೇಲಿಂದ ಬಿದ್ದ ಒಂದೇ ಏಟಿಗೆ ಬೂದಿ! ಸೋಫಾ ಮೇಲೆ ಕೂತಿದ್ದ ನಾನೂ ಮಗಳೂ ಮುಖ ಮುಖ ನೋಡ್ಕೊಂಡ್ವಿ. ಆದ್ರೆ ನಿಜ ಹೇಳ್ತೀನಿ, ಆ ಕಂತು ನೋಡಿದ ಮೇಲೆ ಹಡಗಿನ ಮೇಲಿನ ಪ್ರೀತಿ ಇನ್ನೂ ಜಾಸ್ತಿ ಆಯ್ತು. ಎರಡೂವರೆ ಅಡಿ ಉದ್ದ, ಪಕ್ಕದ ಬಾಗಿಲು ತೆಗೆದ್ರೆ ಒಳಗೆ ಸೆರೆಸಿಕ್ಕವರನ್ನ ಹೆಪ್ಪುಗಟ್ಟಿಸಿಟ್ಟ ಕಾರ್ಬನೈಟ್ ಹಲಗೆಗಳು ಸಾಲಾಗಿ ನಿಂತಿರುತ್ವೆ. ಟೀಸರ್‌ನಲ್ಲಿ ಅದೇ ತರದ ಹಡಗು ಮತ್ತೆ ಕಂಡಾಗ ಮಗಳು ಕೂಗಿದ ಕೂಗು ಪಕ್ಕದ ಮನೆಗೂ ಕೇಳಿರ್ಬೇಕು.

ಆಗಸ್ಟ್‌ನಲ್ಲಿ ಊರಿಗೆ ಬರ್ತಿದೀವಿ. ಸೂಟ್‌ಕೇಸಲ್ಲಿ ಸ್ವಲ್ಪ ಜಾಗ ಮಾಡ್ಬಹುದು, ಹಡಗು ತರೋಕಾಗಲ್ಲ. ಫಿಗರ್ ಆದ್ರೆ ಒಬ್ಬರಿಗೆ ಒಂದು. ಬ್ಯಾಗೇಜ್ ಮಿತಿಯೊಳಗೇ ಇರ್ಬೇಕು, ಬಿಲ್ ಸಮೇತ ತರ್ತೀನಿ. ದಾವಣಗೆರೆ ಹುಡುಗನಿಗೆ ಮೊದಲ ಜಾಗ.

ಹೊಸಬ_ದಾವಣಗೆರೆ

ಅಣ್ಣಾ!! ತುಂಬಾ ತುಂಬಾ ಥ್ಯಾಂಕ್ಸ್. ದುಡ್ಡು ಮುಂಚೆನೇ ಕಳಿಸ್ತೀನಿ.

ಒಂದಾರನೇ_ಅಳತೆ

ಮುಂಗಡದ ವಿರುದ್ಧ ನನ್ನದು ಇನ್ನೊಂದು ಕಾರಣ ಬಾಕಿ ಇದೆ, ಕಥೆ ಸೋರೋದು. 2016ರ ಸಿವಿಲ್ ವಾರ್ ನೆನಪು ಮಾಡ್ಕೊಳ್ಳಿ. ಆಂಟ್-ಮ್ಯಾನ್ ಇದ್ದಕ್ಕಿದ್ದಂತೆ ಆಕಾಶದೆತ್ತರ ಬೆಳೆಯೋದು ಆ ಸಿನಿಮಾದ ದೊಡ್ಡ ಅಚ್ಚರಿ. ವಿಮಾನ ನಿಲ್ದಾಣದ ಲೆಗೋ ಪೆಟ್ಟಿಗೆ ಮೇಲೆ ಅವನು ದೈತ್ಯನಾಗಿ ನಿಂತಿರೋ ಚಿತ್ರ ಸಿನಿಮಾಕ್ಕೆ ಮುಂಚೆಯೇ ಬಂದುಬಿಟ್ಟಿತ್ತು. ಥಿಯೇಟರಲ್ಲಿ ಪಕ್ಕದವರು ಎದ್ದು ಕೂಗ್ತಿದ್ರೆ ನಾನು ಅದು ಯಾವಾಗ ಬರುತ್ತೆ ಅಂತ ಕಾಯ್ತಾ ಕೂತಿದ್ದೆ. ಆ ಅನುಭವ ಮತ್ತೆ ಬೇಡ ನನಗೆ.

ಬೆಸ್ಕರ್_ಬೆಂಗಳೂರು

ಇದು ಗಟ್ಟಿ ಮಾತು, ಒಪ್ಪಿದೆ. ಆದ್ರೆ ಅಚ್ಚರಿ ಇರೋ ಪಾತ್ರಗಳನ್ನ ಈಗ ಅವರೇ ಹಿಡಿದಿಟ್ಟು ಸಿನಿಮಾ ಆದ್ಮೇಲೆ ಬಿಡ್ತಾರೆ, ಮೈಸೂರಕ್ಕ ಹೇಳಿದ ಗ್ರೋಗು ತರ. ಫಿಗರ್‌ಗಳ ಮೊದಲ ಸರದಿಯಲ್ಲಿ ಬರೋದು ಟೀಸರ್‌ನಲ್ಲಿ ನೋಡಿದ ಮುಖಗಳೇ. ಅವುಗಳನ್ನ ಬುಕ್ ಮಾಡಿದ್ರೆ ಕಥೆ ಹಾಳಾಗಲ್ಲ.

ಕರ್ನಲ್ ವಿಷಯ ನಾನು ಬಿಡೋಕಾಗ್ತಿಲ್ಲ. ಸಿಗೋರ್ನಿ ವೀವರ್ ಅಂದ್ರೆ ಫಿಗರ್ ಲೋಕದಲ್ಲಿ ಒಂದು ದೊಡ್ಡ ಬಾಕಿ. 1979ರಲ್ಲಿ ಏಲಿಯನ್ ಸಿನಿಮಾ ಬಂದಾಗ ಕೆನ್ನರ್ 18 ಇಂಚಿನ ಪ್ರಾಣಿಯನ್ನ ಮಾರಿತು. ವೀವರ್ ಮಾಡಿದ ನಾಯಕಿ ರಿಪ್ಲಿ ಸೇರಿದ ಹಾಗೆ 3.75 ಇಂಚಿನ ಇಡೀ ಸಾಲು ತಯಾರಾಗಿ ಮಾದರಿ ಹಂತದಲ್ಲೇ ನಿಂತುಹೋಯ್ತು. ದೊಡ್ಡವರ ಸಿನಿಮಾಕ್ಕೆ ಮಕ್ಕಳ ಆಟಿಕೆ ಮಾಡಿದ್ರೆ ಹೆತ್ತವರು ಸಿಟ್ಟಾಗಲ್ವಾ ಮತ್ತೆ. ಆ ಮಾದರಿಗಳು ಅಂಗಡಿಗೆ ಬಂದಿದ್ದು 2013ರಲ್ಲಿ, ಸೂಪರ್7 ಅನ್ನೋರು ರಿಆಕ್ಷನ್ ಹೆಸರಲ್ಲಿ ತಂದಾಗ. ಮೂವತ್ನಾಲ್ಕು ವರ್ಷ! ಹಳೇ ಫೋಟೋಗಳಲ್ಲಷ್ಟೇ ನೋಡಿದ ಗೊಂಬೆಯನ್ನ ಜನ ಕೈಯಲ್ಲಿ ಹಿಡಿದ್ರು. ಕೆನ್ನರ್‌ನ ವಾರಸುದಾರ ಇವತ್ತು ಹ್ಯಾಸ್ಬ್ರೋನೇ. ಅದೇ ಮನೆಯಿಂದ, ಅದೇ 3.75 ಇಂಚಿನಲ್ಲಿ, ಕೆನ್ನರ್ ಶೈಲಿಯ ಕಾರ್ಡ್ ಮೇಲೆ ವೀವರ್ ಅವರ ಮುಖ ಬಂದ್ರೆ ನನ್ನ ಮಟ್ಟಿಗೆ ಅದು ಈ ಸಾಲಿನ ಅತಿ ದೊಡ್ಡ ಫಿಗರ್, ಮ್ಯಾಂಡೋಗಿಂತಲೂ.

ಅಚ್ಚಿನಮನೆ_ಪೀಣ್ಯ

ಆ ಅಳತೆಯಲ್ಲಿ ಮುಖ ಅಂದ್ರೆ ನಮ್ಮ ಉಗುರಿನಷ್ಟು. ಕುಂಚದಲ್ಲಿ ಕಣ್ಣು ಬರೆಯೋ ಕಾಲದಲ್ಲಿ ಹೋಲಿಕೆ ಬರೋದು ಕಷ್ಟ ಇತ್ತು. ಈಗ ಮುಖದ ಬಣ್ಣವನ್ನ ಚುಕ್ಕಿ ಚುಕ್ಕಿಯಾಗಿ ಯಂತ್ರವೇ ಮುದ್ರಿಸುತ್ತೆ, ಕಣ್ಣುಗುಡ್ಡೆಯ ಬಣ್ಣ, ರೆಪ್ಪೆ ನೆರಳು ಎಲ್ಲಾ ಕೂರುತ್ತೆ. ಮುದ್ರಣ ಅರ್ಧ ಮಿಲಿಮೀಟರ್ ಜರುಗಿದ್ರೂ ಮೆಳ್ಳಗಣ್ಣು. ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನ ತಗೋಬೇಡಿ, ಎರಡು ಮೂರು ಕಾರ್ಡ್ ಅಕ್ಕಪಕ್ಕ ಹಿಡಿದು ಕಣ್ಣು ನೋಡಿ ಆರಿಸಿ.

ಕುಡ್ಲದ_ಕಪಾಟು

ನಕಲಿ ಬಗ್ಗೆಯೂ ಹುಷಾರು. ಸಿನಿಮಾ ಬಂದ ಕೂಡಲೇ ಗ್ರೋಗು ಹೆಸರಲ್ಲಿ ಏನೇನೋ ಬರ್ಲಿಕ್ಕೆ ಶುರುವಾಗ್ತದೆ. ಪಾದದ ಅಡಿ ಅಥವಾ ಬೆನ್ನಲ್ಲಿ ಲುಕಾಸ್‌ಫಿಲ್ಮ್ ಹಕ್ಕಿನ ಸಣ್ಣ ಅಕ್ಷರ ಉಂಟಾ ನೋಡಿ. ಬಾಕ್ಸಿನ ಮುದ್ರಣ ಮಸುಕಾಗಿದ್ರೆ, ಪ್ಲಾಸ್ಟಿಕ್ ಘಾಟು ಹೊಡೆದ್ರೆ ಬಿಟ್ಟುಬಿಡಿ. ಮಕ್ಕಳು ಬಾಯಿಗೆ ಹಾಕುವ ವಸ್ತು, ಅದರ ಬಣ್ಣದಲ್ಲಿ ಏನುಂಟು ಅಂತ ಯಾರಿಗೂ ಗೊತ್ತಿರುದಿಲ್ಲ.

ಬೆಸ್ಕರ್_ಬೆಂಗಳೂರು

ಸರಿ, ನನ್ನ ತೀರ್ಮಾನ ಹೇಳ್ಬಿಡ್ತೀನಿ. ಕರ್ನಲ್, ಝೆಬ್ ಇಬ್ಬರಿಗೂ ಘೋಷಣೆ ಆದ ದಿನವೇ ಮುಂಗಡ. ಮ್ಯಾಂಡೋ ಫೋಟೋದಲ್ಲಿ ಹೆಲ್ಮೆಟ್ ಹಣೆ ನೋಡಿ ಆಮೇಲೆ. ರೊಟ್ಟಾಗೆ ಸಿನಿಮಾ ಮುಗಿಯೋವರೆಗೂ ಕಾಯ್ತೀನಿ, ಅವನ ಪೂರ್ತಿ ರೂಪ ಟೀಸರ್‌ನಲ್ಲಿ ಇಲ್ಲ ಅಂತ ನನ್ನ ಅನುಮಾನ. ಬೆಂಗಳೂರಿನವರು ಮೊದಲ ದಿನದ ಶೋಗೆ ಒಟ್ಟಿಗೆ ಹೋಗೋದಾದ್ರೆ ಇಲ್ಲೇ ಹೆಸರು ಹಾಕಿ, ಟಿಕೆಟ್ ನಾನು ನೋಡ್ಕೋತೀನಿ.

ಹುಬ್ಬಳ್ಳಿ_ಹೀರೋಸ್

ನಂದೂ ಒಂದು ಹಾಕ್ರಿ. ರಾತ್ರಿ ರೈಲಿಗೆ ಬರತೇನಿ. ತಮ್ಮನ್ನೂ ಕರಕೊಂಡ ಬರತೇನಿ, ಅವನ ಫನ್‌ಸ್ಕೂಲ್ ಕಾರ್ಡ್ ತೋರಸ್ತಾನಂತ, ಮುಟ್ಟಲಿಕ್ಕೆ ಕೊಡೂದಿಲ್ಲಂತ.

ಗೊಂಬೆಹಬ್ಬ_ಮೈಸೂರು

ನಾವೂ ಇಬ್ಬರು, ಅತ್ತೆಯವರೂ ಬರುತ್ತಾರೆ. ಪೀಣ್ಯ ಸರ್, ಒಂದು ಸಹಾಯ ಬೇಕು. ಈ ಸಲ ಗೊಂಬೆ ಮೆಟ್ಟಿಲು ಹೊಸದು ಮಾಡಿಸುತ್ತಿದ್ದೇನೆ, ಬಡಗಿ ಅಳತೆ ಕೇಳುತ್ತಿದ್ದಾನೆ. ಝೆಬ್ 6 ಇಂಚಿನ ಸಾಲಿನಲ್ಲಿ ಬಂದರೆ ಎರಡು ಮೆಟ್ಟಿಲ ನಡುವೆ ಎಷ್ಟು ಎತ್ತರ ಬಿಡಲಿ?

ಅಚ್ಚಿನಮನೆ_ಪೀಣ್ಯ

ಮ್ಯಾಂಡೋಗಿಂತ ತಲೆ ಮೇಲಿರ್ತಾನೆ ಮೇಡಂ, ಜೊತೆಗೆ ಆಯುಧ ಎತ್ತಿ ಹಿಡಿದು ನಿಲ್ಲಿಸ್ತೀರ. 25 ಸೆಂ.ಮೀ. ಬಿಡೋಕೆ ಹೇಳಿ. ಅಗಲ ಒಂದು ಅಡಿ ಇರ್ಲಿ, ಎಟಿ-ಎಟಿ ಬೇರೆ ಮೇಜಿಗೇ ಸರಿ.